ಬಾತುಕೋಳಿಗಳಿಗೆ ಅಂಟುವಾಳದ ಸ್ನಾನ

"ಗುರುಗಳೇ, ಮಗಳ ಮದುವೆ ನಿಶ್ಚಯವಾಗಿದೆ. ಇನ್ನು ಅವಳನ್ನು ನಿಶ್ಚಿಂತೆಯಾಗಿ ಗಂಡನ ಮನೆಗೆ ಕಳಿಸಬಹುದಲ್ಲವೇ?" ಎಂದು ಅಂಬುಜಮ್ಮ ಎಂಬ ಶಿಷ್ಯೆ ಕೇಳಿದಳು.

"ಅನುಮಾನವೇಕೆ?" ಎಂದರು ಗುರುಗಳು.

"ಅನುಮಾನವಿಲ್ಲ. ನಿಮ್ಮ ಬಾಯಿಂದ ಒಂದು ಮಾತು ಬೇಕಿತ್ತು. ಚಿಕ್ಕಂದಿನಲ್ಲಿ ಅವಳು ಬಹಳ ಹಟಮಾರಿ. ಗಟ್ಟಿಯಾಗಿ ನಗುತ್ತಿದ್ದಳು. ಕಂಡವರ ಎದುರು ವಾದ ಮಾಡುತ್ತಿದ್ದಳು. ನಾನು ಒಂದೊಂದನ್ನೇ ತಿದ್ದಿದೆ. ಈಗ ಕೂರು ಎಂದರೆ ಕೂರುತ್ತಾಳೆ, ಏಳು ಎಂದರೆ ಏಳುತ್ತಾಳೆ. ಯಾವ ಮನೆಗೆ ಹೋದರೂ ನನ್ನ ಹೆಸರಿಗೆ ಮಸಿ ಬಳಿಯುವವಳಲ್ಲ."

ಗುರುಗಳು ಈ ಕತೆ ಹೇಳಿದರು.

ಬಾತುಕೋಳಿ ಸಾಕುವ ಹೆಂಗಸೊಬ್ಬಳಿದ್ದಳು. ಅವಳಿಗೂ ಅವಳ ಗಂಡನಿಗೂ ಒಂದು ನೆಲೆಯೆಂಬುದಿರಲಿಲ್ಲ. ಕುಯ್ಲಾದ ಗದ್ದೆಗಳಲ್ಲಿ ಬಾತುಗಳನ್ನು ಮೇಯಿಸುತ್ತ ಊರಿಂದ ಊರಿಗೆ ಹೋಗುವುದೇ ಅವರ ಬದುಕು. ಬದುವಿನ ಮೇಲೆ ಗುಡಾರ ಹಾಕಿ ಮಲಗುವರು. ಮೇವು ಮುಗಿದರೆ ಗುಡಾರ ಕಿತ್ತು ಮುಂದೆ ನಡೆಯುವರು. ಹಾಗಿದ್ದರೂ ಅವಳ ಗುಡಾರದಷ್ಟು ಚೊಕ್ಕಟವಾದ ಗುಡಾರ ಬಾತು ಮೇಯಿಸುವ ಜನರಲ್ಲಿ ಇನ್ನೊಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬೇರೆಯವರು ಮರೆಯದಂತೆಯೂ ಅವಳು ನೋಡಿಕೊಳ್ಳುತ್ತಿದ್ದಳು.

ಒಮ್ಮೆ ಒಬ್ಬ ಪಾಳೆಯಗಾರನ ಹೆಂಡತಿಗೆ ತನ್ನ ಕೊಳದಲ್ಲಿ ಬಿಳಿಯ ಬಾತುಗಳು ತೇಲುವುದನ್ನು ನೋಡುವ ಆಸೆಯಾಯಿತು. ಅವಳು ಬಾತಿನವಳಿಗೆ ಹೇಳಿ ಕಳಿಸಿದಳು: "ನಿನ್ನ ಬಾತುಗಳು ನನಗೆ ಹಿಡಿಸಿದರೆ ಕೊಳದ ದಂಡೆಯಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಡುತ್ತೇನೆ. ಅಲ್ಲೇ ಇದ್ದು ಅವುಗಳನ್ನು ನೋಡಿಕೊ."

ಬಾತಿನವಳಿಗೆ ಆ ದಿನ ಅನ್ನ ಸೇರಲಿಲ್ಲ. ಅವಳು ಗುಡಾರದಲ್ಲಿ ಹುಟ್ಟಿದವಳು. ಅವಳ ತಾಯಿ ಗುಡಾರದಲ್ಲೇ ಕಣ್ಣು ಮುಚ್ಚಿದ್ದಳು. ಗೋಡೆಯಿರುವ ಮನೆಯಲ್ಲಿ ಮಲಗಿದರೆ ಹೇಗಿರುತ್ತದೆಂಬುದು ಅವಳ ವಂಶದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬಾತುಗಳೇನೋ ಬಿಳಿಯವೇ. ಆದರೆ ಗದ್ದೆಯ ಕೆಸರಿನಲ್ಲಿ ಮೇಯ್ದು ಹೊಟ್ಟೆಯ ಗರಿಗಳು ಕಂದಾಗಿದ್ದವು. ಮುಟ್ಟಿದರೆ ಕೈಗೆ ಜಿಡ್ಡು ಹತ್ತುತ್ತಿತ್ತು. ಆ ಜನರಲ್ಲಿ ಬಾತುಗಳನ್ನು ಯಾರೂ ತೊಳೆಯುವುದಿಲ್ಲ. ತಿಳಿನೀರಿಗೆ ಬಿಡುತ್ತಾರೆ, ಅಷ್ಟೆ. ಇವಳಿಗೆ ಅದು ಸಾಲದೆನಿಸಿತು. ದೊಡ್ಡ ಮನೆಗಳಲ್ಲಿ ರೇಷ್ಮೆ ಸೀರೆಗಳನ್ನು ಅಂಟುವಾಳದ ನೀರಿನಲ್ಲಿ ಒಗೆಯುವುದನ್ನು ಅವಳು ಕಂಡಿದ್ದಳು. ರೇಷ್ಮೆಗೆ ಆಗುವುದು ಗರಿಗೇಕೆ ಆಗಬಾರದು? ಅಂಟುವಾಳದ ಕಾಯಿ ಜಜ್ಜಿ, ನೆನೆಹಾಕಿ, ಕಿವುಚಿ ನೊರೆ ಎಬ್ಬಿಸಿದಳು. ಒಂದೊಂದೇ ಬಾತನ್ನು ಮೊಣಕಾಲುಗಳ ನಡುವೆ ಹಿಡಿದು ತಿಕ್ಕಿದಳು.

ಗಂಡ ನಕ್ಕ. "ಏನೇ, ಹುಟ್ಟಿದಾಗಿನಿಂದ ನೀರಲ್ಲೇ ಇರುವುದಕ್ಕೆ ನೀನು ಸ್ನಾನ ಮಾಡಿಸುವುದೇ? ನಾಳೆ ಮೀನು ಹಿಡಿದು ತಂದು ಅದಕ್ಕೂ ತಲೆಗೆರೆಯುತ್ತೀಯೋ?"

"ನೀವು ಸುಮ್ಮನಿರಿ. ನಿಮ್ಮಮ್ಮ ನಿಮ್ಮನ್ನು ಹೀಗೆ ಒಮ್ಮೆಯಾದರೂ ತಿಕ್ಕಿದ್ದರೆ ದೊಡ್ಡವರ ಬಾಗಿಲಿಗೆ ನಿಮ್ಮನ್ನು ಕರೆದೊಯ್ಯಲು ನಾನು ನಾಚಬೇಕಾಗಿರಲಿಲ್ಲ" ಎಂದಳು ಅವಳು, ಕೈ ನಿಲ್ಲಿಸದೆ.

ಜಿಡ್ಡು ಹೋಯಿತು. ಬಿಸಿಲಿಗೆ ಒಣಗಿದ ಗರಿಗಳು ಮಲ್ಲಿಗೆಯಂತೆ ಅರಳಿದವು. ಮತ್ತೆ ಕೊಳೆಯಾದಾವೆಂದು ಅವಳು ಬಾತುಗಳನ್ನು ನೀರಿಗೆ ಬಿಡಲಿಲ್ಲ. ಬುಟ್ಟಿಗಳಲ್ಲಿ ತುಂಬಿ ನೇರವಾಗಿ ಕೊಳಕ್ಕೆ ಹೊರಿಸಿಕೊಂಡು ಹೋದಳು.

ಪಾಳೆಯಗಾರನ ಹೆಂಡತಿ ಕೊಳದ ಮೆಟ್ಟಿಲ ಮೇಲೆ ಬಂದು ನಿಂತಳು. ಮನೆಯ ಹೆಂಗಸರೆಲ್ಲ ಅವಳ ಹಿಂದೆ ಬಂದರು. ಬುಟ್ಟಿಗಳ ಸಂದಿನಲ್ಲಿ ಇಣುಕಿ, "ಅಬ್ಬಾ, ಏನು ಬಿಳುಪು!" ಎಂದರು. ಬಾತಿನವಳು ಬುಟ್ಟಿಗಳ ಬಾಯಿ ಬಿಚ್ಚಿದಳು. ಬಾತುಗಳು ಸಾಲಾಗಿ ನೀರಿಗಿಳಿದು ಕೊಳದ ನಡುವಿಗೆ ಈಜಿದವು.

ಮೊದಲು ನೀರು ಅವುಗಳ ಹೊಟ್ಟೆಯವರೆಗಿತ್ತು. ನೋಡನೋಡುತ್ತ ಬೆನ್ನಿನವರೆಗೆ ಬಂತು. ಬಳಿಕ ಕೊರಳುಗಳು ಮಾತ್ರ ಕಾಣುತ್ತಿದ್ದವು. ಒಂದು ಬಾತು ನೀರೊಳಗೆ ಹೋಯಿತು. ಪಾಳೆಯಗಾರನ ಹೆಂಡತಿ ಚಪ್ಪಾಳೆ ತಟ್ಟಿ, "ಎಷ್ಟು ಚೆಂದ ಮುಳುಗು ಹಾಕುತ್ತದೆ ನೋಡಿ!" ಎಂದಳು. ಅದು ಏಳುವುದನ್ನು ಎಲ್ಲರೂ ಕಾದರು. ಅದು ಏಳಲಿಲ್ಲ. ಇನ್ನೊಂದು ಹೋಯಿತು. ಅದೂ ಏಳಲಿಲ್ಲ.

ಬಾತುಕೋಳಿ ನೀರಿನಲ್ಲಿ ಮುಳುಗಿ ಸಾಯುವುದನ್ನು ಆ ಮೆಟ್ಟಿಲ ಮೇಲಿದ್ದ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಗಂಡ ನೀರಿಗೆ ಹಾರಿದ. ಕೈಗೆ ಸಿಕ್ಕಿದವನ್ನು ದಡಕ್ಕೆ ಎತ್ತಿ ಹಾಕಿದ. ಅವು ನೆನೆದ ಹತ್ತಿಯ ಮುದ್ದೆಗಳಂತೆ ಬಿದ್ದು ನಡುಗಿದವು. ಹೆಚ್ಚಿನವು ಸಿಗಲಿಲ್ಲ. ಬಾತಿನವಳು ಬರಿದಾದ ಬುಟ್ಟಿಯನ್ನು ಹಿಡಿದು ನಿಂತೇ ಇದ್ದಳು.

ಕೊಳದ ನಡುವೆ ಒಂದೇ ಒಂದು ಬಾತು ತೇಲುತ್ತಿತ್ತು. ಅದರ ಹೊಟ್ಟೆ ಕಂದು. ಹಿಂದಿನ ದಿನ ತೊಳೆಯಲು ಹಿಡಿದಾಗ ಅವಳ ಕೈ ಕಚ್ಚಿ ಓಡಿಹೋಗಿದ್ದ ಬಾತು ಅದು. ನೀರಿಗಿಳಿದರೆ ಹೊಟ್ಟೆ ಯಾರಿಗೂ ಕಾಣದೆಂದು ಅದನ್ನೂ ಬುಟ್ಟಿಗೆ ಹಾಕಿ ತಂದಿದ್ದಳು.

"ಇವಕ್ಕೆ ಏನು ಮಾಡಿದೆಯೇ, ಪಾಪಿ?" ಎಂದಳು ಪಾಳೆಯಗಾರನ ಹೆಂಡತಿ.

"ತೊಳೆದೆ, ತಾಯಿ. ಬೇರೇನೂ ಮಾಡಲಿಲ್ಲ."

ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ಉಳಿದ ಬಾತುಗಳನ್ನು ಹೊತ್ತುಕೊಂಡು ಗಂಡ ಹೆಂಡತಿ ಗುಡಾರಕ್ಕೆ ಮರಳಿದರು.

ಅವಳು ಕಂದು ಹೊಟ್ಟೆಯ ಬಾತಿನ ಗರಿಯೊಂದನ್ನು ಅಂಗೈ ಮೇಲಿಟ್ಟು ಬಾವಿಯ ನೀರನ್ನು ಹನಿಸಿದಳು. ಹನಿ ಮುತ್ತಿನಂತೆ ದುಂಡಗೆ ನಿಂತು ಉರುಳಿ ಬಿತ್ತು. ತೊಳೆದ ಬಾತಿನ ಗರಿಯ ಮೇಲೆ ಹನಿಸಿದಳು. ಹನಿ ನಿಲ್ಲಲಾರದೆ ಹರಡಿ ಗರಿಯೊಳಗೆ ಇಳಿಯಿತು. ಮಡಕೆಯಲ್ಲಿ ಅಂಟುವಾಳದ ನೀರು ಇನ್ನೂ ಇತ್ತು. ಅದನ್ನು ಕಂದು ಬಾತಿನ ಗರಿಯ ಮೇಲೆಯೇ ಹನಿಸಿ ನೋಡಿದಳು. ಆ ಹನಿ ಮುತ್ತಾಗಲೇ ಇಲ್ಲ. ಬಿದ್ದಲ್ಲೇ ಚಪ್ಪಟೆಯಾಗಿ ಎಳೆ ಎಳೆಗೂ ಹಬ್ಬಿತು. ಅವಳ ಅಂಗೈ ಒದ್ದೆಯಾಯಿತು. ಎರಡೂ ಒಂದೇ ಬಾವಿಯ ನೀರು. ಅಂಟುವಾಳ ಕರಗಿದ ಮೇಲೆ ಆ ನೀರು ಗರಿಗೆ ಅಂಜಿ ದುಂಡಾಗಿ ಸರಿಯುವುದನ್ನು ಬಿಟ್ಟಿತ್ತು.

ಗುಡಾರದ ಮೂಲೆಯಲ್ಲಿ, ಬದುಕಿ ಬಂದ ಬಾತುಗಳು ಬಾಲದ ಬುಡಕ್ಕೆ ಕೊಕ್ಕು ಒತ್ತಿ, ಅಲ್ಲಿ ಒಸರುವ ಎಣ್ಣೆಯನ್ನು ಗರಿಗಳಿಗೆ ಸವರಿಕೊಳ್ಳುತ್ತಿದ್ದವು. ಬಾತುಗಳು ಹಾಗೆ ಮಾಡುವುದನ್ನು ಅವಳು ಹುಟ್ಟಿದಾರಭ್ಯ ಕಂಡಿದ್ದಳು. ತುರಿಕೆಯೆಂದುಕೊಂಡಿದ್ದಳು. ಜಿಡ್ಡೆಂದು ಅವಳು ತೊಳೆದು ಚೆಲ್ಲಿದ್ದು ಆ ಎಣ್ಣೆಯನ್ನೇ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಂಬುಜಮ್ಮನ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು ಬೆನ್ನು ನೆಟ್ಟಗೆ ಮಾಡಿ ಹೇಳಿದಳು:

"ನನ್ನ ಮಗಳು ಬಾತುಕೋಳಿಯಲ್ಲ, ಗುರುಗಳೇ. ಬಾಯಿ ಇದೆ. ಅಲ್ಲಿ ಕಷ್ಟವಾದರೆ ಹೇಳುತ್ತಾಳೆ."

ಗುರುಗಳು ಕೇಳಿದರು:

"'ಈ ಮದುವೆ ನಿನಗೆ ಬೇಕೇ?' ಎಂದು ನೀನು ಮಗಳನ್ನು ಕೇಳಿದಾಗ ಅವಳು ಏನು ಹೇಳಿದಳಮ್ಮಾ?"