ಅವರಿಗೆ ಯಾವುದು ಕೊಡಲಿ?

"ಗುರುಗಳೇ, ಒಂಬತ್ತು ವರ್ಷ ಸೇವೆ ಮಾಡಿ ನಿಮ್ಮ ಮನಸ್ಸನ್ನು ಅರಿತಿದ್ದೇನೆ. ಇನ್ನು ದೇವರ ಮನಸ್ಸನ್ನು ಅರಿಯುವುದು ಹೇಗೆ?" ಎಂದು ಶಿಷ್ಯ ಗದಿಗೆಪ್ಪ ಕೇಳಿದ. ಎಂದಿನಂತೆ ಬೆಳಗಿನ ಬೆಲ್ಲದ ಹಾಲನ್ನು ಗುರುಗಳ ಮುಂದಿಟ್ಟು ಕೈಕಟ್ಟಿ ಕೂತಿದ್ದ.

"ಅಬ್ಬಾ, ದೊಡ್ಡ ಮಾತನ್ನೇ ಕೇಳಿಬಿಟ್ಟೆಯಲ್ಲೋ!" ಎಂದರು ಗುರುಗಳು. "ಮೊದಲು ಒಬ್ಬ ಬಡಗಿಯ ಕತೆ ಕೇಳು."

ಸಮುದ್ರದ ದಂಡೆಯಲ್ಲಿ ಒಂದು ಪಟ್ಟಣ. ಅಲ್ಲಿ ಒಬ್ಬ ಬಡಗಿ. ಮರವನ್ನು ಬೆರಳಿನಿಂದ ತಟ್ಟಿದರೆ ಸಾಕು, ಒಳಗೆ ಹುಳ ಹಿಡಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಅಂಥ ಕಿವಿ ಅವನದು. ಅವನ ಕೇರಿಯಲ್ಲಿ ವಿಯೆಟ್ನಾಂ ದೇಶದಿಂದ ಬಂದ ಮುದುಕಿಯೊಬ್ಬಳ ಅಂಗಡಿಯಿತ್ತು. ಉದ್ದನೆಯ ಬಿಸಿ ಬ್ರೆಡ್ಡನ್ನು ಸೀಳಿ, ಒಳಗೆ ಕೋಳಿಯನ್ನೋ ಮೊಟ್ಟೆಯನ್ನೋ ಇಟ್ಟು, ಹುಳಿಯಲ್ಲಿ ನೆನೆಸಿದ ಮೂಲಂಗಿ, ಕೊತ್ತಂಬರಿ, ಹಸಿಮೆಣಸಿನಕಾಯಿ ತುಂಬಿ ಕೊಡುತ್ತಿದ್ದಳು. ಅವರ ಭಾಷೆಯಲ್ಲಿ ಅದಕ್ಕೆ ಬಾನ್ ಮೀ ಎನ್ನುತ್ತಾರೆ. ಬಡವರೂ ಹೊಟ್ಟೆ ತುಂಬ ತಿನ್ನಬಹುದಾದ ಅಂಗಡಿ.

ಇಪ್ಪತ್ತು ವರ್ಷ, ವಾರದ ರಜೆಯ ದಿನ ತಪ್ಪದೆ, ಬಡಗಿ ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಬಾಗಿಲಲ್ಲೇ ನಿಂತು, "ಎರಡು ಕೋಳಿಯದು, ಖಾರ ಜಾಸ್ತಿ" ಎನ್ನುತ್ತಿದ್ದ. ಅವಳು ಒಮ್ಮೆಯೂ ಬೇಡ ಎಂದವಳಲ್ಲ. ಬೇಡ ಎನ್ನಲಿಲ್ಲವೆಂದರೆ ಬೇಕು ಎಂದೇ ಅವನು ತಿಳಿದಿದ್ದ. ಹೆಂಡತಿಯನ್ನು ತನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವನು ಕೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಹೆಮ್ಮೆ. ಕೆಟ್ಟವನಲ್ಲ, ನೋಡು. ಒಳ್ಳೆಯವನೇ.

ಒಂದು ಸಲ ಹೆಂಡತಿ ಜ್ವರ ಬಂದು ಮಲಗಿದಳು. ಗಂಜಿ ಒಲ್ಲೆ, ಹಣ್ಣು ಒಲ್ಲೆ. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಇವಳು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಆರನೆಯ ದಿನ ಅವಳು ಕಣ್ಣು ತೆರೆದು, "ಆ ಅಜ್ಜಿಯ ಅಂಗಡಿಯದಾದರೆ ಒಂದು ತುತ್ತು ತಿಂದೇನು" ಎಂದಳು. ಬಡಗಿ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ಹೆಂಡತಿಗೆ ಹುಷಾರಿಲ್ಲಮ್ಮ, ಬೇಗ ಒಂದು ಕೋಳಿಯದು ಕೊಡು" ಎಂದ.

"ಕೋಳಿಯದು ನಿಮ್ಮದು" ಎಂದಳು ಮುದುಕಿ. "ಅವರಿಗೆ ಯಾವುದು ಕೊಡಲಿ?"

ಬಡಗಿ ಗೋಡೆಯ ಮೇಲಿನ ಹಲಗೆ ನೋಡಿದ. ಹದಿನಾಲ್ಕು ತಿಂಡಿಗಳ ಹೆಸರುಗಳಿದ್ದವು. ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಮರದೊಳಗಿನ ಹುಳ ಗೊತ್ತಾಗುತ್ತಿದ್ದವನಿಗೆ ಇದೊಂದು ಗೊತ್ತಿರಲಿಲ್ಲ. "ನನಗೆ ಗೊತ್ತಿಲ್ಲಮ್ಮ" ಎಂದು ಮಗುವಿನಂತೆ ಅತ್ತುಬಿಟ್ಟ.

ಮುದುಕಿ ಮೊಟ್ಟೆ ಒಡೆದು ಕಾವಲಿಗೆ ಹಾಕಿದಳು. "ಪ್ರತಿ ಸಲವೂ ಅವರು ಮೆಣಸಿನಕಾಯಿ ಆರಿಸಿ ಕಾಗದದಲ್ಲಿ ಸುತ್ತಿಡುತ್ತಿದ್ದರು. ಕೋಳಿಯನ್ನು ತೆಗೆದು ನಿಮ್ಮ ಪಾಲಿಗೆ ಹಾಕುತ್ತಿದ್ದರು. ಮೊಟ್ಟೆಯದು ಮಾಡಿಕೊಡಲೇ ಎಂದು ನಾನೇ ಒಮ್ಮೆ ಕೇಳಿದೆ. ಅವರಿಗೆ ಆಸೆಯೇನೋ ಇತ್ತು. 'ಅವರು ಆಗಲೇ ಹೇಳಿಬಿಟ್ಟಿದ್ದಾರೆ, ಇರಲಿ ಬಿಡಿ' ಎಂದರು."

ಮೊಟ್ಟೆಯ ಬ್ರೆಡ್ಡನ್ನು ಎದೆಗವಚಿಕೊಂಡು ಬಡಗಿ ಮನೆಗೆ ಬಂದ. ಹೆಂಡತಿ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಅರ್ಧ ಮುಗಿದ ಮೇಲೆ ಅವನ ಮುಖ ನೋಡಿ, "ಇದು ನಿಮಗೆ ಯಾರು ಹೇಳಿದರು?" ಎಂದು ಕೇಳಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಪಾಪ, ಎಂಥ ಹೆಂಗಸು!" ಎಂದು ಗದಿಗೆಪ್ಪ ಕಣ್ಣೊರೆಸಿಕೊಂಡ. "ಇಪ್ಪತ್ತು ವರ್ಷದಲ್ಲಿ ಒಂದು ಮಾತು ಕೇಳಬಾರದಿತ್ತೇ ಆ ಮನುಷ್ಯ? ಅವಳು ಬದುಕಿದಳೇ, ಗುರುಗಳೇ?"

"ಬದುಕಿದಳು" ಎಂದು ಗುರುಗಳು ಮುಂದಿದ್ದ ಲೋಟವನ್ನು ಕೈಗೆತ್ತಿಕೊಂಡರು.

"ಒಂಬತ್ತು ವರ್ಷದಿಂದ ಈ ಬೆಲ್ಲದ ಹಾಲು ಕುಡಿಯುತ್ತಿದ್ದೇನೆ, ಗದಿಗೆಪ್ಪಾ; ನನಗೆ ಸಿಹಿ ಸೇರುವುದಿಲ್ಲ."