ಹೆಂಡತಿಯ ಪರವಾಗಿ ನಡೆದ ತುಪ್ಪದ ವ್ಯಾಪಾರಿ

"ಗುರುಗಳೇ, ಒಬ್ಬರಿಗಾಗಿ ಇನ್ನೊಬ್ಬರು ಪಟ್ಟ ಕಷ್ಟದ ಫಲ ಅವರಿಗೆ ತಲುಪುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗರಡಿಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗುರುಗಳು ಮೀಸೆ ತಿರುವಿದರು.

"ಇದಕ್ಕೊಂದು ಕತೆ ಇದೆ. ಒಂದೊಂದು ಅಕ್ಷರವೂ ನಿಜ. ಈ ಗರಡಿಯ ಮಣ್ಣಿನಾಣೆ, ನನ್ನ ಮೀಸೆಯಾಣೆ. ಮೀಸೆ ಎಂದರೆ ಅಂತಿಂಥ ಮೀಸೆಯಲ್ಲ. ಪ್ರಾಯದಲ್ಲಿ ಇದರ ಎರಡು ತುದಿಗೂ ಒಂದೊಂದು ಬಿಂದಿಗೆ ಕಟ್ಟಿಕೊಂಡು ಕೆರೆಯಿಂದ ನೀರು ತರುತ್ತಿದ್ದೆ. ಒಂದು ಹನಿ ತುಳುಕಿದ್ದಿಲ್ಲ. ಇರಲಿ, ಕತೆ ನನ್ನದಲ್ಲ. ಕೇಳು.

"ಒಂದೂರಿನಲ್ಲಿ ಒಬ್ಬ ತುಪ್ಪದ ವ್ಯಾಪಾರಿ ಇದ್ದ. ಅವನಿಗೆ ಹೆಂಡತಿಯೆಂದರೆ ಪ್ರಾಣ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಗೆ ಕರೆ ಬಂದರೆ ಮನೆಗೊಬ್ಬರು ಹೋದರೆ ಸಾಕು. ಸಾವಿನ ಮನೆಗೂ ಮನೆಗೊಬ್ಬರು. ದೇವಸ್ಥಾನದಲ್ಲಿ ಇವನು ಹೆಂಡತಿಯ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸಿದರೆ ಅವಳೇ ಹೋಗಿ ಬಂದಂತೆ. ಭೀಮನ ಅಮಾವಾಸ್ಯೆಯಂದು ಅವಳು ಉಪವಾಸವಿದ್ದರೆ ಆಯುಸ್ಸು ಇವನಿಗೆ. ಹೀಗೆ ಒಬ್ಬರ ಪರವಾಗಿ ಒಬ್ಬರು ಬದುಕಿಕೊಂಡು ಸುಖವಾಗಿದ್ದರು.

"ಹೆಂಡತಿಗೆ ಮುಟ್ಟು ನಿಂತ ವರ್ಷವೇ ಅವಳ ಅಕ್ಕ ಎದೆಯ ಕ್ಯಾನ್ಸರಿನಿಂದ ತೀರಿಕೊಂಡಳು. ಅಂದಿನಿಂದ ಇವಳಿಗೂ ಅದೇ ಭಯ. ಸ್ನಾನಕ್ಕೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ಎದೆಯಲ್ಲಿ ಎಲ್ಲಾದರೂ ಗಂಟು ಇದೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ವ್ಯಾಪಾರಿ ಅವಳನ್ನು ಒಬ್ಬ ವೈದ್ಯೆಯ ಬಳಿಗೆ ಕರೆದುಕೊಂಡು ಹೋದ. ವೈದ್ಯೆ ಎಲ್ಲ ಪರೀಕ್ಷೆ ಮಾಡಿಸಿ ಹೇಳಿದರು: 'ಈಗ ಏನೂ ಇಲ್ಲ ತಾಯಿ. ಆದರೆ ಮೈತೂಕ ಜಾಸ್ತಿ ಇದೆ. ಮುಟ್ಟು ನಿಂತ ಮೇಲೆ ಅಂಡಾಶಯವು ಈಸ್ಟ್ರೊಜೆನ್ ಎಂಬ ಹಾರ್ಮೋನು ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಮೈಯ ಕೊಬ್ಬು ಮಾತ್ರ ನಿಲ್ಲಿಸುವುದಿಲ್ಲ. ಕೊಬ್ಬು ಹೆಚ್ಚಿದಂತೆ ಅದು ಮಾಡುವ ಈಸ್ಟ್ರೊಜೆನ್ನೂ ಹೆಚ್ಚುತ್ತದೆ. ಅದು ಎದೆಯ ಜೀವಕೋಶಗಳಿಗೆ ಬೆಳೆಯಿರಿ, ಬೆಳೆಯಿರಿ ಎಂದು ಹೇಳುತ್ತಲೇ ಇರುತ್ತದೆ. ಹಾಗೆ ಬೆಳೆಯುವಾಗ ಯಾವುದೋ ಒಂದು ಕೋಶ ದಾರಿ ತಪ್ಪಬಹುದು. ಅದಕ್ಕೇ ದಿನವೂ ಚುರುಕಾಗಿ ನಡೆಯಿರಿ. ಕರಿದದ್ದು, ಸಿಹಿ ಕಡಿಮೆ ಮಾಡಿ. ಸೊಪ್ಪು, ತರಕಾರಿ, ಕಾಳು ಹೆಚ್ಚು ತಿನ್ನಿ. ನಡಿಗೆ, ಊಟ ಎರಡೂ ಸೇರಿದರೆ ಹಾರ್ಮೋನು ಚೆನ್ನಾಗಿ ಇಳಿಯುತ್ತದೆ. ಅಪಾಯ ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ. ತಗ್ಗುತ್ತದೆ ಎಂದು ಹೇಳಬಲ್ಲೆ. ಏನೇ ಮಾಡಿದರೂ ತಪಾಸಣೆಗೆ ಮಾತ್ರ ತಪ್ಪದೆ ಬನ್ನಿ.'

"ಹೇಳಿದ್ದು ಹೆಂಡತಿಗೆ. ಕೇಳಿಸಿಕೊಂಡವನು ಗಂಡ. ಅವನು ದಾರಿಯಲ್ಲೇ ಒಂದು ಜೊತೆ ಬೂಟು ಕೊಂಡ. ತನಗೆ!

"ಮರುದಿನ ಬೆಳಗ್ಗೆ ಬೂಟಿನ ದಾರ ಕಟ್ಟುತ್ತಿದ್ದಾಗ ಹೆಂಡತಿ ಬಂದು ಕೇಳಿದಳು: 'ರೀ, ನಾನೂ ಬರ್ಲಾ?'

"'ನೀನ್ಯಾಕೆ ಮೈ ನೋಯಿಸಿಕೊಳ್ತೀಯ? ಇಷ್ಟು ವರ್ಷ ನನಗೋಸ್ಕರ ಉಪವಾಸ ಮಾಡಿದ್ದೀಯ. ಈಗ ನಿನ್ನ ಪಾಲಿನದ್ದು ನಾನು ನಡೀತೀನಿ. ಮನೆಗೊಬ್ಬರು ನಡೆದರೆ ಸಾಕು. ಕೂತ್ಕೋ.'

"ಅವಳು ಕೂತಳು.

"ಅವನು ಕೆರೆಯ ಏರಿಗೆ ಬಂದು ಕೈಮುಗಿದು ನಿಂತ. ಹೆಂಡತಿಯ ಹೆಸರು ಹೇಳಿದ, ಗೋತ್ರ ಹೇಳಿದ, ನಕ್ಷತ್ರ ಹೇಳಿದ. 'ನನ್ನ ಧರ್ಮಪತ್ನಿಯ ಪರವಾಗಿ ಈ ಒಂದು ಸುತ್ತು' ಎಂದು ಹೊರಟ. ದಿನವೂ ಹೀಗೇ. ನಡೆದ ಎಂದರೆ ಅದೇನು ನಡಿಗೆ! ಬೀದಿ ನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬರುತ್ತಿದ್ದವು. ಆಮೇಲೆ ಅವೇ ಸುಸ್ತಾಗಿ ದಾರಿ ಬಿಟ್ಟು ಕೂತವು. ಬೆಲ್ಟಿಗೆ ಹೊಸ ತೂತು ಹೊಡೆಸಿ ಹೊಡೆಸಿ ಬೆಲ್ಟು ಜರಡಿಯಾಯಿತು. ಕೊನೆಗೆ ಅವನಿಗಿಂತ ಅವನ ನೆರಳೇ ದಪ್ಪ ಕಾಣುತ್ತಿತ್ತು. ನನ್ನ ಕಣ್ಣಾರೆ ನೋಡಿದ್ದೇನೆ.

"ಊಟದಲ್ಲೂ ಹಾಗೇ. ಹೆಂಡತಿಯ ಪರವಾಗಿ ಬೋಂಡ ಬಿಟ್ಟ. ಒಬ್ಬಟ್ಟು ಬಿಟ್ಟ. ತುಪ್ಪದ ವ್ಯಾಪಾರಿಯಾಗಿ ತುಪ್ಪವನ್ನೇ ಬಿಟ್ಟ. ಆದರೆ ಮನೆಯಲ್ಲಿ ಬಾಣಲೆ ಇಳಿಯಲಿಲ್ಲ. ಅದು ನನಗೆ ಹೇಗೆ ಗೊತ್ತು ಎನ್ನುತ್ತೀಯಾ? ಊರಿನ ಯಾವ ಮೂಲೆಯಲ್ಲಿ ಬಾಣಲೆ ಇಟ್ಟರೂ ಇಲ್ಲಿ ಕೂತ ನನ್ನ ಮೂಗು ಹೇಳುತ್ತದೆ, ಬೋಂಡ ಆಲೂಗೆಡ್ಡೆಯದೋ ಈರುಳ್ಳಿಯದೋ ಎಂದು. ಮಾಡಿದ ಬೋಂಡವನ್ನು ಏನು ಮಾಡುವುದು? ಅವನು ತನ್ನ ಪಾಲನ್ನೂ ಅವಳ ತಟ್ಟೆಗೇ ಹಾಕಿದ."

"ವ್ಯರ್ಥ ಮಾಡಬಾರದಲ್ಲ ಗುರುಗಳೇ!" ಎಂದ ಶಿಷ್ಯ.

"ಕತೆ ಹೇಳುತ್ತಿರುವವನು ನಾನು. ನೀನು ಸುಮ್ಮನೆ ಕೇಳು," ಎಂದು ಗುರುಗಳು ಮುಂದುವರಿಸಿದರು.

"ಮತ್ತೆ ತಪಾಸಣೆಯ ದಿನ ಬಂತು. ಹೆಂಡತಿ ಸೀರೆ ಬದಲಾಯಿಸಿ ಬರುವಷ್ಟರಲ್ಲಿ ವ್ಯಾಪಾರಿ ಬಾಗಿಲು ದಾಟಿದ್ದ. 'ನೀನ್ಯಾಕೆ ಆಸ್ಪತ್ರೆಗೆಲ್ಲ ಅಲೀತೀಯ? ನಾನೇ ತೋರಿಸಿಕೊಂಡು ಬರ್ತೀನಿ' ಎಂದು ಕೂಗಿ ಹೊರಟೇಬಿಟ್ಟ. ಆಸ್ಪತ್ರೆಗೆ ಹೋದವನೇ ಯಾರೂ ಹೇಳದಿದ್ದರೂ ತೂಕದ ಯಂತ್ರದ ಮೇಲೆ ಹತ್ತಿ ನಿಂತ. 'ನೋಡಿ ಡಾಕ್ಟ್ರೇ, ಎಷ್ಟು ಇಳಿದಿದ್ದೀವಿ!' ಎಂದ.

"ವೈದ್ಯೆ ಅವನ ಹಿಂದೆ ನೋಡಿದರು, ಬಾಗಿಲಾಚೆ ನೋಡಿದರು. 'ಅವರೆಲ್ಲಿ?' ಎಂದರು.

"'ಮನೆಯಲ್ಲಿ ಆರಾಮಾಗಿ ಕೂತಿದ್ದಾಳೆ. ಅವಳ ಪರವಾಗಿ ನಾನೇ ಬಂದಿದ್ದೀನಿ' ಎಂದವನು, ಗೋತ್ರ, ನಕ್ಷತ್ರ ಹೇಳಿ ನಡೆದದ್ದು, ಬರ್ಲಾ ಎಂದವಳನ್ನು ಕೂರಿಸಿದ್ದು, ತನ್ನ ಪಾಲಿನ ಬೋಂಡವನ್ನೂ ಅವಳಿಗೇ ಬಡಿಸಿದ್ದು ಎಲ್ಲವನ್ನೂ ಹೆಮ್ಮೆಯಿಂದ ಹೇಳಿಕೊಂಡ.

"ವೈದ್ಯೆ ನಕ್ಕರು. ಆ ನಗು ಈ ಗರಡಿಯವರೆಗೂ ಕೇಳಿಸಿತು. ಗೋಡೆಗೆ ಒರಗಿಸಿದ್ದ ಗದೆ ಉರುಳಿ ಬಿತ್ತು. ನಕ್ಕು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: 'ಸ್ವಾಮಿ, ನೀವು ನಡೆದದ್ದಕ್ಕೆ ನಿಮ್ಮ ಹೃದಯ ಗಟ್ಟಿಯಾಗಿದೆ. ಸಂತೋಷ. ಆದರೆ ಈ ಹಾರ್ಮೋನಿಗೆ ಗೋತ್ರ, ನಕ್ಷತ್ರ ತಿಳಿಯುವುದಿಲ್ಲ. ಯಾರ ಕಾಲು ನಡೆಯುತ್ತದೋ ಅವರ ಮೈಯಲ್ಲೇ ಅದು ಇಳಿಯಬೇಕು. ಅವರನ್ನು ಕೂರಿಸಿ ಬಡಿಸಿದ್ದೀರಿ. ಅಕ್ಕನನ್ನು ಕಳೆದುಕೊಂಡವರು ಅವರು. ಎದ್ದು ಬರುತ್ತೇನೆ ಎಂದರೂ ಕೂರಿಸಿದವರು ನೀವು.'

"ವ್ಯಾಪಾರಿ ಯಂತ್ರದಿಂದ ಇಳಿದ. ಅವನ ಮುಖ ಸಣ್ಣದಾಯಿತು. 'ಹಾಗಾದರೆ ನಾನು ಅವಳಿಗಾಗಿ ಮಾಡುವುದು ಏನೂ ಇಲ್ಲವೇ?' ಎಂದು ಕೇಳಿದ.

"'ಪರವಾಗಿ ಮಾಡುವುದು ಏನೂ ಇಲ್ಲ. ಜೊತೆಗೆ ಮಾಡುವುದು ಬೇಕಾದಷ್ಟಿದೆ' ಎಂದರು ವೈದ್ಯೆ. 'ನಾಳೆ ಅವರನ್ನೇ ಕರೆದುಕೊಂಡು ಬನ್ನಿ.'

"ವ್ಯಾಪಾರಿ ಆಸ್ಪತ್ರೆಯ ಮೆಟ್ಟಿಲಿಳಿದು ಒಂದೇ ಓಟಕ್ಕೆ ಮನೆಗೆ ಹೋದ. ಬಾಗಿಲಲ್ಲೇ ನಿಂತು, 'ಏಳೇ, ನಿನಗೂ ಒಂದು ಜೊತೆ ಬೂಟು ತರೋಣ. ಇಬ್ಬರೂ ನಡೆಯೋಣ' ಎಂದ. ಅವಳು ಅವನ ಮುಖ ನೋಡಿದಳು. ಬಹಳ ದಿನದ ಮೇಲೆ ನಕ್ಕಳು. ಒಲೆಯ ಮೇಲಿದ್ದ ಬಾಣಲೆ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಹೊರಟಳು. ನೋಡು, ಇದು ಕತೆ."

ಶಿಷ್ಯ ತಲೆ ತಗ್ಗಿಸಿ ತನ್ನ ಬೂಟಿನ ಧೂಳು ಒರೆಸಿಕೊಳ್ಳುತ್ತಿದ್ದ. "ಎಲ್ಲ ನಿಜವೇ ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಅಕ್ಷರಕ್ಷರವೂ ನಿಜ. ಒಂದೇ ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು: ವ್ಯಾಪಾರಿ ಆಸ್ಪತ್ರೆಯಿಂದ ಮನೆಗೆ ಓಡಿದ ಎಂದೆನಲ್ಲ, ಅವನು ಇನ್ನೂ ಇಲ್ಲೇ ನನ್ನೆದುರು ಕೂತಿದ್ದಾನೆ."