ಚೊಕ್ಕಮ್ಮ ಇಳಿಸಿದ ಶ್ರುತಿ

ಕಾಲ ಯಾವುದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಬಹಳ ಬಹಳ ಹಿಂದೆ, ಹಾಲುಗೆರೆ ಅಂತ ಒಂದೂರು. ಆ ಊರಿನಲ್ಲಿ ನರಹರಯ್ಯ ಅಂತ ಒಬ್ಬ ಸಂಗೀತಗಾರರಿದ್ದರಂತೆ. ಅವರು ಕೆರೆ ಏರಿಯ ಮೇಲೆ ಸಾಧನೆಗೆ ಕೂತರೆ, ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ತಾನಾಗಿ ತಾಳಕ್ಕೆ ಬೀಳುತ್ತಿತ್ತಂತೆ. ಅತಿಯಾಯಿತು ಅನ್ನುತ್ತೀರಾ? ಅನ್ನಿ. ನಮ್ಮಜ್ಜಿ ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ, ಅಷ್ಟೇ.

ಗುರುಗಳ ಮನೆಯಲ್ಲಿ ನೀರು ಸೇದಿ, ಸೌದೆ ಒಡೆದು ಕಲಿತ ವಿದ್ಯೆಯಂತೆ ಅದು. ಆಮೇಲೆ ಅರಮನೆ ಕರೆಯಿತು, ಮಠಗಳು ಕರೆದವು. ಶಾಲು ಹೊದಿಸಿದರು, ಕೈಗೆ ತೋಡಾ ಹಾಕಿದರು. ಎಲ್ಲಿಗೆ ಹೋದರೂ ಹಿಂದೆ ಕೂತು ತಂಬೂರಿ ಮೀಟುವವರು ಅವರ ಹೆಂಡತಿ ಚೊಕ್ಕಮ್ಮ. ಹೆಂಗಸು ಸಭೆಯಲ್ಲಿ ಕೂರುವುದೇ ಅಂತ ಊರು ಆಡಿಕೊಂಡಿತಂತೆ. ನರಹರಯ್ಯ, ಇವಳ ಕಿವಿಯಿಲ್ಲದೆ ನನಗೆ ಬಾಯಿಲ್ಲ ಅಂದುಬಿಟ್ಟರಂತೆ.

ಊರಿನ ಗೋಪಾಲಸ್ವಾಮಿ ಗುಡಿಯಲ್ಲಿ ಒಂದು ಕಂಚಿನ ಗಂಟೆ. ಆ ಗಂಟೆಯ ನಾದವೇ ನರಹರಯ್ಯನವರ ಷಡ್ಜ, ಅವರ ಹಾಡಿಗೆ ಆಧಾರದ ಸ್ವರ. ಅದಕ್ಕೆ ಸೇರಿಸಿಯೇ ಚೊಕ್ಕಮ್ಮ ತಂಬೂರಿ ಶ್ರುತಿ ಮಾಡುತ್ತಿದ್ದರು. ಅದು ಗಟ್ಟಿ ಗಂಟಲಿನವರಿಗೂ ಎಟುಕದ ಎತ್ತರದ ಶ್ರುತಿಯಂತೆ. ಒಂದು ದಿನ ಹುಮ್ಮಸ್ಸಿನಲ್ಲಿ, ದೇವರ ಎದುರಿಗೆ, ಊರೆಲ್ಲ ಕೇಳುವ ಹಾಗೆ, ನನ್ನ ಶ್ರುತಿ ಈ ಗಂಟೆಯಿಂದ ಕೂದಲೆಳೆಯಷ್ಟು ಇಳಿದರೂ ಅವತ್ತಿಗೇ ಹಾಡು ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟರಂತೆ. ಕಂಚಿಗೆ ಮುಪ್ಪಿಲ್ಲ, ಕಂಠಕ್ಕೆ ಇದೆ ಅಂತ ಯೋಚಿಸಬೇಡವೇ? ವಯಸ್ಸಿನ ಬಿಸಿ.

ಬಂತು ಮುಪ್ಪು. ಒಂದು ಚಳಿಗಾಲ ಕೆಮ್ಮು ಹಿಡಿದು, ಮೇಲಿನ ಷಡ್ಜಕ್ಕೆ ಹೋಗುವಾಗ ಗಂಡನ ಕತ್ತಿನ ನರ ಉಬ್ಬುವುದು ಚೊಕ್ಕಮ್ಮನ ಕಣ್ಣಿಗೆ ಬಿತ್ತು. ಹಾಡು ನಿಂತರೆ ಈ ಮನುಷ್ಯ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತು. ಮಾತು ತಪ್ಪುವವರೂ ಅಲ್ಲ ಅಂತಲೂ ಗೊತ್ತು. ಏನು ಮಾಡಿಯಾರು? ತಂಬೂರಿಯ ತಂತಿ ಬಿಗಿಯುವ ಬಿರಡೆಗಳನ್ನು ಒಂದಿಷ್ಟೇ ಇಷ್ಟು ಸಡಿಲಿಸಿದರಂತೆ. ಕೆಲವು ತಿಂಗಳು ಬಿಟ್ಟು ಇನ್ನೊಂದಿಷ್ಟು. ನಾಲ್ಕು ತಂತಿಯೂ ಒಟ್ಟಿಗೇ ಇಳಿದರೆ ಯಾರಿಗೆ ತಿಳಿಯಬೇಕು? ಹಾಡು ಮುಗಿದ ಮೇಲೆಯೇ ಮಂಗಳಾರತಿಯ ಗಂಟೆ ಬಾರಿಸುವುದು ಆ ಗುಡಿಯ ಪದ್ಧತಿ; ಅದು ಬಾರಿಸುವ ಮೊದಲೇ ಚೊಕ್ಕಮ್ಮ ತಂಬೂರಿಗೆ ಗವಸು ಹಾಕಿಬಿಡುತ್ತಿದ್ದರಂತೆ. ವಯಸ್ಸಾದಷ್ಟೂ ನನ್ನ ಗಂಟಲು ಸಲೀಸಾಗುತ್ತಿದೆ ಕಣೇ ಅಂತ ನರಹರಯ್ಯ ಹಿಗ್ಗುತ್ತಿದ್ದರಂತೆ. ಚೊಕ್ಕಮ್ಮ ಹೂಂ ಅನ್ನುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಒಮ್ಮೆ ಅರ್ಚಕರಿಗೆ ಜ್ವರ ಬಂದು, ಬೇರೆ ಊರಿನ ಅವರ ನಂಟರು ಪೂಜೆಗೆ ನಿಂತರು. ಅವರಿಗೆ ಇಲ್ಲಿನ ಪದ್ಧತಿ ಏನು ಗೊತ್ತು? ನರಹರಯ್ಯ ಮುಖಾರಿ ರಾಗ ಹಾಡುತ್ತಿರುವಾಗಲೇ ಮಂಗಳಾರತಿ ಎತ್ತಿ ಗಂಟೆ ಬಾರಿಸಿಬಿಟ್ಟರು.

ಗಂಟೆಯೊಂದು ಕಡೆ, ತಂಬೂರಿಯೊಂದು ಕಡೆ. ಕೂತವರೆಲ್ಲ ಕಿವಿ ಮುಚ್ಚಿಕೊಂಡರಂತೆ. ನರಹರಯ್ಯ ಹಾಡು ನಿಲ್ಲಿಸಿ, ತಿರುಗಿ, ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದರು. ತಂತಿಗೆ ತಂತಿ ಅಚ್ಚುಕಟ್ಟಾಗಿ ಸೇರಿತ್ತು. ಅಂದರೆ ಇದು ತಾನಾಗಿ ಜಾರಿದ್ದಲ್ಲ, ಯಾರೋ ಇಳಿಸಿದ್ದು.

"ಯಾವತ್ತಿಂದ?" ಅಂದರಂತೆ.

"ನಿಮಗೆ ಆ ಕೆಮ್ಮು ಬಂತಲ್ಲ, ಅವತ್ತಿಂದ" ಅಂದರಂತೆ ಚೊಕ್ಕಮ್ಮ.

ನರಹರಯ್ಯ ಎದ್ದು ಹೋದರು. ಆಮೇಲೆ ಹಾಡಲಿಲ್ಲ, ಹೆಂಡತಿಯೊಡನೆ ಮಾತೂ ಆಡಲಿಲ್ಲ. ಒಂದು ತಿಂಗಳು ಅನ್ನುವವರಿದ್ದಾರೆ, ಒಂದು ವರ್ಷ ಅನ್ನುವವರೂ ಇದ್ದಾರೆ. ಅಂಥ ಮನೆಯಲ್ಲಿ ಒಂದು ದಿನವೂ ವರ್ಷವೇ. ಬಡಿಸಿದ್ದನ್ನು ಉಣ್ಣುವರು, ಜಗುಲಿಯಲ್ಲಿ ಕೂರುವರು. ದಿನೇ ದಿನೇ ಸೊರಗಿದರು.

ಕೊನೆಗೆ ಒಂದು ಏಕಾದಶಿ ಬೆಳಿಗ್ಗೆ ತಾವಾಗಿಯೇ ಗುಡಿಗೆ ಬಂದು ಕೂತರಂತೆ. ಚೊಕ್ಕಮ್ಮ ತಂಬೂರಿ ತಂದರು. ಇನ್ನು ಕದ್ದುಮುಚ್ಚಿ ಮಾಡುವುದು ಬೇಡ ಅಂತ, ಗಂಟೆಗೆ ಸರಿಯಾಗಿಯೇ ಶ್ರುತಿ ಏರಿಸಿ ಕೊಟ್ಟರು. ನರಹರಯ್ಯ ಹಾಡು ಎತ್ತಿಕೊಂಡರು. ಮೇಲಿನ ಷಡ್ಜದ ಹತ್ತಿರ ಹೋಗುತ್ತಲೇ ಗಂಟಲು ಒಡೆಯಿತು. ಇನ್ನೊಮ್ಮೆ ಹತ್ತಿದರು, ಮತ್ತೆ ಒಡೆಯಿತು. ಊರೆಲ್ಲ ತಲೆ ತಗ್ಗಿಸಿ ಕೂತಿತ್ತು. ಚೊಕ್ಕಮ್ಮನ ಕಣ್ಣಲ್ಲಿ ನೀರು, ಆದರೆ ಬಿರಡೆಗೆ ಕೈ ಹಾಕಲಿಲ್ಲ.

ಆಗ ನರಹರಯ್ಯ ದೇವರ ಕಡೆ ಒಮ್ಮೆ ನೋಡಿ, ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ, "ಇಳಿಸೇ, ಚೊಕ್ಕಿ" ಅಂದರಂತೆ.

ಚೊಕ್ಕಮ್ಮ ಇಳಿಸಿದರು.

"ನಾಚಿಕೆ ಯಾಕೆ? ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಇಳಿಸಿದರು. ಅವತ್ತು ಹಾಡಿದ ಹಾಗೆ ಅರಮನೆಯಲ್ಲೂ ಹಾಡಿರಲಿಲ್ಲವಂತೆ. ಆಮೇಲೂ ಬಹಳ ಕಾಲ ಹಾಡಿದರಂತೆ, ಶ್ರುತಿ ನೆಲಕ್ಕೆ ತಾಗುವವರೆಗೆ ಅಂತ ಊರವರು ಪ್ರೀತಿಯಿಂದ ನಗುತ್ತಾರೆ.

ಹಾಲುಗೆರೆಯಲ್ಲಿ ಈಗಲೂ ಯಾರೇ ಹಾಡಲು ಕೂರಲಿ, ವಿದ್ವಾಂಸರಿರಲಿ, ಹಸೆಗೆ ಹಾಡುವ ಮುದುಕಿಯಿರಲಿ, ಪಕ್ಕದವರು ಮೊದಲು, "ಶ್ರುತಿ ಎಲ್ಲಿಗೆ ನಿಲ್ಲಿಸಲಿ?" ಅಂತ ಗಟ್ಟಿಯಾಗಿ ಕೇಳುತ್ತಾರೆ. ಹಾಡುವವರು ತಮಗೆ ಎಟುಕುವುದು ಎಲ್ಲಿಗೋ ಅದನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಆ ಊರಿನಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.